ಗಣಿ ನಿಂತ ಊರಿಗೆ ಕೆಂಪು ನೀರು ಇನ್ನೂ ಯಾಕೆ ಬರುತ್ತದೆ

ಬಳ್ಳಾರಿ ಜಿಲ್ಲೆಯ ಸಂಡೂರು ಕಣಿವೆಯಲ್ಲಿ ಉತ್ತರೆ, ಹಸ್ತ ಮಳೆ ಜೋರಾಗಿ ಹಿಡಿದ ದಿನ ಹಳ್ಳದ ದಂಡೆಗೆ ಹೋಗಿ ನಿಂತರೆ ಗೊತ್ತಾಗುತ್ತದೆ. ಮೇಲಿನ ಗಣಿ ನಿಂತು ವರ್ಷಗಳೇ ಆಗಿವೆ. ಟಿಪ್ಪರಿಲ್ಲ, ಕ್ರಷರ್ ಸದ್ದಿಲ್ಲ, ವೇ ಬ್ರಿಡ್ಜಿನ ಕೊಠಡಿಯ ಬಾಗಿಲೂ ಇಲ್ಲ. ಹಳ್ಳದಲ್ಲಿ ಹರಿಯುವ ನೀರು ಮಾತ್ರ ಕುಂಕುಮ ಕದಡಿದಂತೆ ಕೆಂಪು. ಆ ನೀರು ಹೊಲಕ್ಕೆ ನುಗ್ಗಿ ಇಳಿದ ಮೇಲೆ ಬೆರಳ ದಪ್ಪದ ಹೂಳು ಉಳಿಯುತ್ತದೆ, ಒಣಗಿದರೆ ಹಂಚಿನಂತೆ ಬಿರುಕು ಬಿಡುತ್ತದೆ.

ಗಣಿ ನಿಂತರೆ ಊರು ತಾನಾಗಿ ಹಳೆಯ ಊರಾಗುತ್ತದೆ ಎಂದು ತುಂಬ ಜನ ನಂಬಿದ್ದರು. ಹಾಗಾಗಲಿಲ್ಲ. ಅದಿರು ತೆಗೆದವರು ಗುಡ್ಡದ ಕಲ್ಲನ್ನಷ್ಟೇ ತೆಗೆಯಲಿಲ್ಲ, ನೀರು ಇಳಿಯುವ ದಾರಿಯನ್ನೂ ಬದಲಿಸಿದರು. ಆ ದಾರಿಯನ್ನು ಮೇಲಿನಿಂದ ಕೆಳಕ್ಕೆ ಸರಿಮಾಡುತ್ತ ಬರದೆ, ಕೆಳಗಿನ ಹೊಲಕ್ಕೆ ಎಷ್ಟು ಗೊಬ್ಬರ ಸುರಿದರೂ ಮುಂದಿನ ಮಳೆ ಅದರ ಮೇಲೆ ಮತ್ತೆ ಕೆಂಪು ಹೊದಿಸುತ್ತದೆ.

ಹಿನ್ನೆಲೆ ಚಿಕ್ಕದಾಗಿ ಹೇಳಬಹುದು. ಈ ಗುಡ್ಡಗಳಲ್ಲಿ ಮ್ಯಾಂಗನೀಸ್ ಮತ್ತು ಕಬ್ಬಿಣದ ಅದಿರಿನ ಕೆಲಸ ಹಳೆಯದೇ. ಆದರೆ ಚೀನಾದ ಬೇಡಿಕೆಯಿಂದ 2003ರ ನಂತರ ಅದಿರಿನ ಬೆಲೆ ಏರಿದಾಗ ಅದರ ವೇಗವೇ ಬೇರೆಯಾಯಿತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಗೆ ತಡೆ ಹಾಕಿತು. ಅಕ್ರಮ ಎಷ್ಟು ಎಂದು ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ವಿಂಗಡಿಸಲಾಯಿತು, ಹೆಚ್ಚು ಅಕ್ರಮ ನಡೆದವು ಸಿ. 2013ರ ಏಪ್ರಿಲ್ 18ರ ತೀರ್ಪಿನಲ್ಲಿ ಸಿ ವರ್ಗದ ಗುತ್ತಿಗೆಗಳು ರದ್ದಾದವು. ಆಮೇಲೆ ಕೆಲವು ಗುತ್ತಿಗೆಗಳು ಹರಾಜಾದವು, ಕೆಲವು ಗಣಿಗಳು ಮತ್ತೆ ಶುರುವಾದವು. ಹಾಗಾಗಿ ಇವತ್ತು ಒಂದೇ ಊರಿನ ಎಡಗಡೆಯ ಗುಡ್ಡದಲ್ಲಿ ಕೆಲಸ ನಡೆದಿರುತ್ತದೆ, ಬಲಗಡೆಯದು ಹಾಳು ಬಿದ್ದಿರುತ್ತದೆ. ಕೆಲಸ ನಡೆದಿರುವ ಕಡೆ ಕೇಳಲು ಒಬ್ಬ ಗುತ್ತಿಗೆದಾರನಾದರೂ ಇರುತ್ತಾನೆ. ಹಾಳು ಬಿದ್ದ ಗುಡ್ಡಕ್ಕೆ ಯಾರೂ ಇಲ್ಲ. ಹೆಚ್ಚು ಕೆಂಪು ನೀರು ಬರುವುದು ಅಲ್ಲಿಂದಲೇ.

ಗುಡ್ಡದ ಮೇಲೆ: ಡಂಪ್

ಅದಿರಿನ ಮೇಲಿದ್ದ ಬೇಡದ ಮಣ್ಣು ಕಲ್ಲನ್ನು ಟಿಪ್ಪರಿನಿಂದ ಇಳಿಜಾರಿಗೆ ಸುರಿದು ಬಿಟ್ಟ ಗುಡ್ಡೆಯೇ ಡಂಪ್. ಹೀಗೆ ಸುರಿದ ಸಡಿಲ ಮಣ್ಣು ಕಲ್ಲು ತನ್ನಷ್ಟಕ್ಕೆ ಸುಮಾರು 37 ಡಿಗ್ರಿ ಇಳಿಜಾರಿನಲ್ಲಿ ನಿಲ್ಲುತ್ತದೆ. ನಿಲ್ಲುತ್ತದೆ ಅಷ್ಟೇ, ಗಟ್ಟಿಯಾಗುವುದಿಲ್ಲ. ಮಳೆ ನೀರು ಒಳಗೆ ಇಳಿದು ಮಣ್ಣು ನೆನೆದರೆ ಅಂಚಿನಿಂದ ಜಾರುತ್ತದೆ. ಆ ಇಳಿಜಾರಿನಲ್ಲಿ ಬೀಜವೂ ನಿಲ್ಲುವುದಿಲ್ಲ, ಮೊದಲ ಮಳೆಗೇ ತೊಳೆದುಹೋಗುತ್ತದೆ.

ಅದಕ್ಕೆ ಮೊದಲ ಕೆಲಸ ಹಿಟಾಚಿ ಹಚ್ಚಿ ಇಳಿಜಾರನ್ನು 28 ಡಿಗ್ರಿಗಿಂತ ಕಡಿಮೆ ಮಾಡಿ ಮೆಟ್ಟಿಲು ಕಡಿಯುವುದು. ಒಂದೊಂದು ಮೆಟ್ಟಿಲು 10 ಮೀಟರಿಗಿಂತ ಎತ್ತರ ಬೇಡ. ಮೆಟ್ಟಿಲಿನ ಸಪಾಟು ಭಾಗ ಹೊರಗಡೆಗೆ ಅಲ್ಲ, ಒಳಗಡೆಗೆ ಸ್ವಲ್ಪ ವಾಲಿರಬೇಕು. ಹೊರಗೆ ವಾಲಿದರೆ ಮೇಲಿನ ಮೆಟ್ಟಿಲಿನ ನೀರೆಲ್ಲ ಅಂಚು ಕೊರೆದುಕೊಂಡು ಕೆಳಗಿಳಿಯುತ್ತದೆ. ಒಳಗಡೆ ಸೇರಿದ ನೀರನ್ನು ಬದಿಗೆ ಸಾಗಿಸಿ, ಕಲ್ಲು ಹಾಸಿದ ಕಾಲುವೆಯಲ್ಲಿ ಇಳಿಸಬೇಕು.

ಇಲ್ಲಿ ಒಂದು ತಪ್ಪು ಮತ್ತೆ ಮತ್ತೆ ಆಗುತ್ತದೆ. ಗುಡ್ಡದ ಸಹಜ ನೆಲದಲ್ಲಿ ನೀರಿಂಗಿಸಲು ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ತೋಡುವ ಸಮಪಾತಳಿ ಕಂದಕವನ್ನೇ ಡಂಪಿನ ಮೇಲೂ ತೋಡುತ್ತಾರೆ. ಸಹಜ ನೆಲದಲ್ಲಿ ಅದು ಒಳ್ಳೆಯ ಕೆಲಸ. ಡಂಪಿನ ಮೇಲೆ ಅದು ಅಪಾಯ, ಏಕೆಂದರೆ ಇಂಗಿದ ನೀರಿಗೆ ಅಡಿಯಲ್ಲಿ ಹಿಡಿಯಲು ಗಟ್ಟಿ ನೆಲವಿಲ್ಲ, ಗುಡ್ಡೆಯೇ ಒಳಗಿನಿಂದ ಭಾರವಾಗಿ ಕುಸಿಯುತ್ತದೆ. ಡಂಪಿನ ಮೇಲಿನ ನೀರನ್ನು ನಿಧಾನವಾಗಿ ಹೊರಗೆ ಕಳಿಸಬೇಕು, ಒಳಗೆ ಇಳಿಸಬಾರದು. ಹಾಗೆಯೇ ಡಂಪಿಗಿಂತ ಮೇಲಿನ ಗುಡ್ಡದ ನೀರು ಡಂಪಿನ ಮೇಲೆ ಹರಿಯದಂತೆ ಅದರ ನೆತ್ತಿಗೇ ಒಂದು ತಿರುವು ಕಾಲುವೆ ಬೇಕು. ಈ ಕಾಲುವೆ ಇಲ್ಲದೆ ಮಾಡಿದ ಉಳಿದ ಕೆಲಸವೆಲ್ಲ ಎರಡು ಮೂರು ಮಳೆಗಾಲದಲ್ಲಿ ಹೋಗುತ್ತದೆ.

ಡಂಪಿನ ಬುಡಕ್ಕೆ ತಡೆಗೋಡೆ, ಅದರ ಹೊರಗೆ ಸುತ್ತುಗಾಲುವೆ, ಕಾಲುವೆಯ ಕೊನೆಗೆ ಹೂಳು ನಿಲ್ಲುವ ಹೊಂಡ. ಗೋಡೆಯನ್ನು ಸಿಮೆಂಟು ಮೆತ್ತಿ ಚೊಕ್ಕವಾಗಿ ಕಟ್ಟಿ, ನೀರು ಸೋರುವ ತೂತು ಬಿಡದಿದ್ದರೆ ಹಿಂದೆ ನಿಂತ ನೀರಿನ ಒತ್ತಡಕ್ಕೆ ಅದು ಬೀಳುತ್ತದೆ. ನೋಡಲು ಚಂದವಿಲ್ಲದ ಒಣಕಲ್ಲಿನ ಗೋಡೆ, ಇಲ್ಲವೇ ತಂತಿಬಲೆಯಲ್ಲಿ ಕಲ್ಲು ತುಂಬಿದ ಗೋಡೆ ಇಲ್ಲಿ ಹೆಚ್ಚು ಬಾಳುತ್ತದೆ. ನೀರು ಸೋಸಿ ಹೋಗುತ್ತದೆ, ಮಣ್ಣು ನಿಲ್ಲುತ್ತದೆ.

ಹಸಿರಿನ ವಿಷಯಕ್ಕೆ ಬಂದರೆ, ಮೊದಲು ಹುಲ್ಲು, ಆಮೇಲೆ ಪೊದೆ, ಕೊನೆಗೆ ಮರ. ಮಳೆ ಹನಿಯ ಹೊಡೆತ ತಡೆಯುವುದು ನೆಲಕ್ಕೆ ಅಂಟಿಕೊಂಡ ಹುಲ್ಲು. ಲಾವಂಚದ ಬುಡಗಳನ್ನು 10ರಿಂದ 15 ಸೆಂಟಿಮೀಟರಿಗೆ ಒಂದರಂತೆ ಸಮಪಾತಳಿಯ ಸಾಲಿನಲ್ಲಿ ಒತ್ತಾಗಿ ನೆಟ್ಟರೆ ಬೇಲಿಯಂತೆ ಹೂಳು ಹಿಡಿಯುತ್ತದೆ. ನಡುವೆ ಸ್ಟೈಲೋ ಬೀಜ ಚೆಲ್ಲಬಹುದು, ಅದು ಸಾರಜನಕವನ್ನೂ ಕೂಡಿಸುತ್ತದೆ. ಪೊದೆಗೆ ಬಂದರಿಕೆ, ತಂಗಡಿ, ಸೀತಾಫಲ. ಇವು ಇದೇ ಗುಡ್ಡಗಳ ಗಿಡಗಳು, ದನ ಬಂದರಿಕೆಯನ್ನೂ ತಂಗಡಿಯನ್ನೂ ಸುಲಭಕ್ಕೆ ಮುಟ್ಟುವುದಿಲ್ಲ. ಮರಕ್ಕೆ ಕಮರ, ಬೇವು, ಹೊಂಗೆ. ಒಂದೇ ಜಾತಿಯ ಹೊರಗಿನ ಗಿಡವನ್ನು ಸಾಲುಸಾಲು ನೆಟ್ಟು ದೂರದಿಂದ ಹಸಿರು ತೋರಿಸುವುದು ಸುಲಭ, ಆದರೆ ಅದರ ಬುಡದಲ್ಲಿ ನೆಲ ಬೋಳಾಗಿಯೇ ಇರುತ್ತದೆ, ಹೂಳು ಇಳಿಯುತ್ತಲೇ ಇರುತ್ತದೆ.

ಹಳ್ಳದಲ್ಲಿ: ಕಲ್ಲಿನ ತಡೆ ಮತ್ತು ಅದರ ಮಿತಿ

ಡಂಪಿನಿಂದ ಊರಿನ ಹಳ್ಳಕ್ಕೆ ಬರುವ ಕೊರಕಲುಗಳಲ್ಲಿ ಸಡಿಲ ಕಲ್ಲಿನ ತಡೆಗಳನ್ನು ಕಟ್ಟುತ್ತಾರೆ. ಇದಕ್ಕೆ ಯಂತ್ರ ಬೇಡ, ಕೂಲಿ ಜನ ಸಾಕು. ಉದ್ಯೋಗ ಖಾತ್ರಿಯಲ್ಲಿ ಊರಿನವರೇ ಮಾಡಬಹುದಾದ ಕೆಲಸ. ಎರಡು ತಡೆಗಳ ನಡುವಿನ ಅಂತರ ತೆಗೆಯುವ ಲೆಕ್ಕ ಸರಳ: ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಇರಬೇಕು. ಕೊರಕಲು 100 ಮೀಟರಿಗೆ 5 ಮೀಟರ್ ಇಳಿಯುತ್ತಿದ್ದರೆ, 1 ಮೀಟರ್ ಎತ್ತರದ ತಡೆಗಳು 20 ಮೀಟರಿಗೆ ಒಂದು ಬೇಕು. ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪು ಸಾಕು.

ತಡೆ 1 ಮೀಟರಿಗಿಂತ ಎತ್ತರ ಬೇಡ. ಎರಡೂ ದಂಡೆಯೊಳಗೆ ಕನಿಷ್ಠ 30 ಸೆಂಟಿಮೀಟರ್ ತೋಡಿ ಕಲ್ಲು ಕೂರಿಸಬೇಕು. ನಡುಭಾಗ ಬದಿಗಳಿಗಿಂತ 20ರಿಂದ 30 ಸೆಂಟಿಮೀಟರ್ ತಗ್ಗಿರಬೇಕು. ಮೇಲ್ಗಡೆ ಮುಖ ಒಂದಕ್ಕೆ ಒಂದರ ಇಳಿಜಾರು, ಕೆಳಗಡೆ ಮುಖ ಒಂದಕ್ಕೆ ಎರಡು ಅಥವಾ ಮೂರು. ದೊಡ್ಡ, ಮೂಲೆಯುಳ್ಳ ಕಲ್ಲು ಹೊರಮುಖಕ್ಕೆ, ಚಿಕ್ಕವು ಒಳಕ್ಕೆ. ನಡು ತಗ್ಗಿಲ್ಲದಿದ್ದರೆ ನೀರು ದಂಡೆ ಕೊರೆದು ಬದಿಯಿಂದ ದಾರಿ ಮಾಡಿಕೊಳ್ಳುತ್ತದೆ, ಕೊರಕಲು ಮೊದಲಿಗಿಂತ ಅಗಲವಾಗುತ್ತದೆ. ಹಾಳಾದ ಹತ್ತು ತಡೆಗಳನ್ನು ನೋಡಿದರೆ ಹೆಚ್ಚಿನವು ಕೆಟ್ಟಿರುವುದು ಈ ಒಂದೇ ಕಾರಣಕ್ಕೆ.

ಇಷ್ಟೆಲ್ಲ ಮಾಡಿದ ಮೇಲೂ ನೀರು ಕೆಂಪಾಗಿಯೇ ಬರುತ್ತದಲ್ಲ ಎಂದು ಊರಿನವರು ಬೇಸರಪಡುತ್ತಾರೆ. ಅದಕ್ಕೆ ಕಾರಣವಿದೆ. ಮರಳಿನ ಕಣ ನೀರು ಸ್ವಲ್ಪ ನಿಧಾನವಾದರೆ ನಿಮಿಷಗಳಲ್ಲಿ ತಳಕ್ಕಿಳಿಯುತ್ತದೆ. ಆದರೆ ನೀರಿಗೆ ಬಣ್ಣ ಕೊಡುವ ನುಣುಪು ಕಣ ಮಿಲಿಮೀಟರಿನ ಐನೂರನೆಯ ಒಂದು ಭಾಗದಷ್ಟು ಚಿಕ್ಕದು. ಅದು ನಿಂತ ನೀರಿನಲ್ಲಿ ಒಂದು ಮೀಟರ್ ಇಳಿಯಲು ಒಂದು ದಿನಕ್ಕಿಂತ ಹೆಚ್ಚು ಹಿಡಿಯುತ್ತದೆ, ಬರೀ ಜೇಡಿಯಾದರೆ ಮೂರು ದಿನ. ಕಲ್ಲಿನ ತಡೆಯ ಹಿಂದೆ ನೀರು ನಿಲ್ಲುವುದು ಗಂಟೆಗಳ ಲೆಕ್ಕದಲ್ಲಿ. ಹಾಗಾಗಿ ತಡೆಗಳು ಹಿಡಿಯುವುದು ಗರಸು ಮತ್ತು ಮರಳನ್ನು ಮಾತ್ರ. ಇದೂ ದೊಡ್ಡ ಲಾಭವೇ, ಅಷ್ಟು ಹೂಳು ಕೆರೆ ಸೇರುವುದು ತಪ್ಪುತ್ತದೆ. ಕೆಂಪು ಬಣ್ಣ ನಿಲ್ಲಬೇಕಾದರೆ ಉದ್ದನೆಯ ಹೊಂಡ ಬೇಕು: ಅಗಲದ ಮೂರು ಪಟ್ಟು ಉದ್ದ, ನೀರು ಒಂದು ತುದಿಗೆ ಬಂದು ಇನ್ನೊಂದು ತುದಿಯಿಂದ ಹೋಗಬೇಕು. ಬರುವ ಹೋಗುವ ಬಾಯಿ ಪಕ್ಕಪಕ್ಕದಲ್ಲೇ ಇದ್ದರೆ ನೀರು ನೇರ ಹಾದು ಹೋಗುತ್ತದೆ, ಹೊಂಡದ ಉಳಿದ ಭಾಗ ವ್ಯರ್ಥ. ಹೊಂಡದಿಂದ ಹೊರಬಿದ್ದ ನೀರು ಹೊಲಕ್ಕೆ ಸೇರುವ ಮೊದಲು ಹುಲ್ಲಿನ ಪಟ್ಟಿಯೊಂದನ್ನು ದಾಟಿದರೆ ಇನ್ನಷ್ಟು ತಿಳಿಯಾಗುತ್ತದೆ.

ಗಣಿ ಗುಂಡಿಗಳಲ್ಲಿ ನಿಂತ ನೀರಿನ ಬಗ್ಗೆಯೂ ಭಯವಿದೆ. ಕಲ್ಲಿದ್ದಲು ಗಣಿಗಳಲ್ಲಿ ಆಗುವಂತೆ ಇಲ್ಲಿ ನೀರು ಆಮ್ಲವಾಗುವ ಸಂಭವ ಕಡಿಮೆ, ಏಕೆಂದರೆ ಈ ಅದಿರು ಆಕ್ಸೈಡ್, ಗಂಧಕದ ಅಂಶ ತೀರ ಕಡಿಮೆ. ಹಾಗೆಂದು ಪರೀಕ್ಷೆ ಮಾಡಿಸದೆ ಕುಡಿಯಬಾರದು, ಅದರಲ್ಲೂ ಮ್ಯಾಂಗನೀಸ್ ತೆಗೆದ ಕಡೆ. ಕುಡಿಯುವ ನೀರಿನಲ್ಲಿ ಮ್ಯಾಂಗನೀಸ್ ಲೀಟರಿಗೆ 0.1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 0.3ರವರೆಗೆ. ಬೋರ್‌ವೆಲ್ ನೀರಾದರೆ ಫ್ಲೋರೈಡನ್ನೂ ನೋಡಿಸಿ, ಮಿತಿ 1.0, ಬೇರೆ ಮೂಲವಿಲ್ಲದಿದ್ದರೆ 1.5. ಅದು ಗಣಿಯ ತಪ್ಪಲ್ಲ, ಈ ಭಾಗದ ಕಲ್ಲಿನ ಗುಣ. ಗುಂಡಿಯ ನಿಜವಾದ ಅಪಾಯ ದಂಡೆ. ಕೆರೆಯಂತೆ ನಿಧಾನವಾಗಿ ಆಳವಾಗುವುದಿಲ್ಲ, ಮೊದಲ ಹೆಜ್ಜೆಗೇ ಆಳ. ದನವಾಗಲಿ ಹುಡುಗರಾಗಲಿ ಜಾರಿದರೆ ಹಿಡಿದು ಹತ್ತಲು ಏನೂ ಇರುವುದಿಲ್ಲ. ಅಂಚಿನಿಂದ ಕೆಲವು ಮೀಟರ್ ಬಿಟ್ಟು ಎದೆಯೆತ್ತರದ ಮಣ್ಣಿನ ಒಡ್ಡು, ಅದರ ಮೇಲೆ ಕತ್ತಾಳೆ ಬೇಲಿ. ನೀರು ಬಳಸುವುದಿದ್ದರೆ ಒಂದೇ ಒಂದು ಕಡೆ ಇಳಿಜಾರು ಕಡಿದು ದಾರಿ ಮಾಡಬೇಕು.

ಹೊಲದಲ್ಲಿ

ಹೊಲ ಕೆಟ್ಟಿರುವುದು ಮೂರು ಬಗೆಯಲ್ಲಿ. ಮೂರಕ್ಕೂ ಮದ್ದು ಬೇರೆ ಬೇರೆ, ಅದನ್ನು ಗುರುತಿಸದೆ ದುಡ್ಡು ಹಾಕಿದವರು ಕಳೆದುಕೊಂಡಿದ್ದಾರೆ.

ಒಂದು, ಹಳ್ಳದ ಪಕ್ಕದ ಹೊಲ, ಕೆಂಪು ಹೂಳು ಕೂತಿರುವುದು. ಎರಡು, ರಸ್ತೆ ಬದಿಯ ಹೊಲ, ಅದಿರು ದಾಸ್ತಾನಿಗೆ ಬಾಡಿಗೆ ಕೊಟ್ಟದ್ದು, ಜನ ಸ್ಟಾಕ್ ಯಾರ್ಡ್ ಎನ್ನುವುದು. ಮೂರು, ಬೆಲೆ ಏರಿದ ಕಾಲದಲ್ಲಿ ಮೇಲ್ಮಣ್ಣಿನಡಿಯ ಬಿಡಿ ಅದಿರಿಗಾಗಿ ಅಗೆದ ಪಟ್ಟಾ ಹೊಲ.

ಹೂಳು ಕೂತ ಹೊಲದಲ್ಲಿ ಮೊದಲು ಮಾಡಬೇಕಾದ್ದು ತೂಕದ ಪರೀಕ್ಷೆ. ಅದಿರಿನ ಪುಡಿ ಸಾಮಾನ್ಯ ಮಣ್ಣಿಗಿಂತ ಸುಮಾರು ಎರಡು ಪಟ್ಟು ಭಾರ. ಪೂರ್ತಿ ಒಣಗಿಸಿ ಪುಡಿ ಮಾಡಿದ ಮಣ್ಣನ್ನು ಒಂದು ಲೀಟರಿನ ಡಬ್ಬಿಗೆ ತಟ್ಟಿ ತುಂಬಿ ತೂಗಿ. ಒಳ್ಳೆಯ ಮಸಾರಿ ಮಣ್ಣು 1.3ರಿಂದ 1.5 ಕಿಲೋ ತೂಗುತ್ತದೆ. 1.8 ದಾಟಿದರೆ ಅದಿರಿನ ಪುಡಿ ಸಾಕಷ್ಟು ಬೆರೆತಿದೆ ಎಂದರ್ಥ. ಅಂಥ ಪದರ ಬೆರಳ ದಪ್ಪವಿದ್ದರೆ ಬ್ಲೇಡ್ ಕುಂಟೆಯಿಂದ ಕೆರೆದು ಹೊಲದಾಚೆ ಹಾಕಬೇಕು, ರಂಟೆ ಹೊಡೆದು ಒಳಗೆ ಬೆರೆಸಬಾರದು. ಒಮ್ಮೆ ಬೆರೆತರೆ ತೆಗೆಯಲಾಗದು.

ಕಬ್ಬಿಣದ ಪುಡಿ ವಿಷವಲ್ಲ. ಅದು ಮಾಡುವ ಕೇಡು ಬೇರೆ ರೀತಿಯದು. ನುಣುಪು ಕಣಗಳು ಮಣ್ಣಿನ ತೂತುಗಳನ್ನು ಮುಚ್ಚಿ ಮೇಲೆ ಚಕ್ಕೆ ಕಟ್ಟುತ್ತವೆ, ಮೊಳಕೆ ಮೇಲೇಳಲಾರದು, ನೀರು ಇಂಗಲಾರದು. ಎರಡನೆಯದು, ಕಬ್ಬಿಣದ ಆಕ್ಸೈಡ್ ರಂಜಕವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಡಿಎಪಿ ಎರಚಿದರೆ ಬೆಳೆಗೆ ಸಿಗುವುದು ಕಡಿಮೆ. ಅದಕ್ಕೆ ಗೊಬ್ಬರವನ್ನು ಹೊಲದ ತುಂಬ ಚೆಲ್ಲದೆ ಕೂರಿಗೆಯಲ್ಲಿ ಬೀಜದ ಸಾಲಿನ ಪಕ್ಕದಲ್ಲೇ, ಬೀಜಕ್ಕಿಂತ ಸ್ವಲ್ಪ ಕೆಳಗೆ ಬೀಳುವಂತೆ ಹಾಕಬೇಕು. ತಿಪ್ಪೆಗೊಬ್ಬರದ ಜೊತೆ ಕೊಟ್ಟರೆ ಇನ್ನೂ ಒಳ್ಳೆಯದು. ಮೂರನೆಯ ಕೇಡು ಎಲೆಯ ಮೇಲಿನ ಧೂಳು, ಇದು ಈಗ ಗಣಿ ನಡೆದಿರುವ ರಸ್ತೆಗಳ ಪಕ್ಕದವರ ಸಂಕಟ. ಅಂಥ ಕಡೆ ಹತ್ತಿ, ಮೆಣಸಿನಕಾಯಿ ಬೆಳೆದರೆ ಮಾಲಿನ ಬಣ್ಣ ಕೆಟ್ಟು ಬೆಲೆ ಬೀಳುತ್ತದೆ. ತೊಗರಿ, ಸಜ್ಜೆ, ಮೆಕ್ಕೆಜೋಳದಂತೆ ಕಾಳು ಸಿಪ್ಪೆಯೊಳಗೋ ತೆನೆಯೊಳಗೋ ಇರುವ, ಇಲ್ಲವೇ ತೂರಿ ಹಸನು ಮಾಡಬಹುದಾದ ಬೆಳೆ ವಾಸಿ.

ಸ್ಟಾಕ್ ಯಾರ್ಡ್ ಆಗಿದ್ದ ಹೊಲದ ಕಷ್ಟ ಹೆಚ್ಚು ಆಳದ್ದು. ತುಂಬಿದ ಟಿಪ್ಪರುಗಳು ವರ್ಷಗಟ್ಟಲೆ ಓಡಾಡಿ ಮಣ್ಣನ್ನು ಒಂದೂವರೆ ಎರಡು ಅಡಿ ಆಳದವರೆಗೆ ತುಳಿದಿರುತ್ತವೆ. ಮೇಲೆ ಅದಿರಿನ ಹಾಸು ಬೇರೆ. ಮೊದಲು ಜೆಸಿಬಿಯಿಂದ ಆ ಹಾಸನ್ನು ಕೆರೆದು ತೆಗೆಯಬೇಕು. ಆಮೇಲೆ ಟ್ರ್ಯಾಕ್ಟರಿಗೆ ಸಬ್‌ಸಾಯಿಲರ್, ಎಂದರೆ ನೆಲವನ್ನು ಆಳಕ್ಕೆ ಸೀಳುವ ಗೂಟ, ಕಟ್ಟಿ 45ರಿಂದ 60 ಸೆಂಟಿಮೀಟರ್ ಆಳಕ್ಕೆ ಸೀಳಬೇಕು, ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ. ಇದನ್ನು ಏಪ್ರಿಲ್, ಮೇ ತಿಂಗಳಲ್ಲಿ ನೆಲ ಕಾದು ಒಣಗಿದಾಗಲೇ ಮಾಡಬೇಕು. ಒಣ ಮಣ್ಣು ಹೆಂಟೆಯಾಗಿ ಒಡೆಯುತ್ತದೆ. ಹಸಿ ಇದ್ದಾಗ ಹೊಡೆದರೆ ಗೂಟ ಹೋದಲ್ಲಿ ಸೀಳು ಬೀಳುತ್ತದೆ, ಅದರ ಗೋಡೆ ಸಾರಿಸಿದಂತೆ ನುಣುಪಾಗಿ ಮತ್ತೆ ಮುಚ್ಚಿಕೊಳ್ಳುತ್ತದೆ. ಡೀಸೆಲ್ ದಂಡ. ಸಾಮಾನ್ಯ ರಂಟೆ, ರೋಟವೇಟರ್ ಈ ಕೆಲಸಕ್ಕೆ ಬಾರದು, ಮೇಲಿನ ಗೇಣು ಮಣ್ಣನ್ನು ಹುಡಿ ಮಾಡಿ ಅಡಿಯ ಬಂಡೆಯಂಥ ಮಣ್ಣನ್ನು ಹಾಗೇ ಬಿಡುತ್ತದೆ.

ಸೀಳಿದ ಮೇಲೆ ಎಕರೆಗೆ 8ರಿಂದ 10 ಟನ್ ತಿಪ್ಪೆಗೊಬ್ಬರ, ಎಂದರೆ ನಾಲ್ಕೈದು ಟ್ರಾಲಿ. ಮೊದಲ ಮಳೆಗೆ ಹಸಿರೆಲೆ ಗೊಬ್ಬರಕ್ಕೆಂದು ಡಯಾಂಚ ಅಥವಾ ಸೆಣಬು, ಎಕರೆಗೆ 20 ಕಿಲೋ ಬೀಜ. 45 ದಿನದ ಆಸುಪಾಸು ಹೂ ಕಟ್ಟುವ ಮುಂಚೆ ಮಣ್ಣಿಗೆ ಸೇರಿಸಬೇಕು. ಹೂ ಬಿಟ್ಟ ಮೇಲೆ ಕಾಂಡ ನಾರಾಗಿ ಕೊಳೆಯಲು ತಡವಾಗುತ್ತದೆ. ಮೊದಲ ವರ್ಷ ಹಿಂಗಾರಿಗೆ ಹುರುಳಿ ಸಾಕು, ಎರಡನೆಯ ವರ್ಷ ಸಜ್ಜೆ, ನವಣೆ, ತೊಗರಿ. ತೊಗರಿಯ ಬೇರು ಆಳಕ್ಕಿಳಿದು ನೆಲವನ್ನು ಒಳಗಿನಿಂದ ಬಿಡಿಸುತ್ತದೆ. ಮೂರನೆಯ ವರ್ಷದ ಮೊದಲು ಪೂರ್ತಿ ಇಳುವರಿಯ ಲೆಕ್ಕ ಹಾಕಿ ಸಾಲ ಮಾಡುವುದು ತಪ್ಪು.

ಅಗೆದ ಪಟ್ಟಾ ಹೊಲದಲ್ಲಿ ಮೇಲ್ಮಣ್ಣೇ ಉಳಿದಿಲ್ಲ. ತಗ್ಗು ತುಂಬುವಾಗ ಕ್ರಮ ಮುಖ್ಯ: ತಳಕ್ಕೆ ದಪ್ಪ ಕಲ್ಲು, ಮೇಲೆ ಗರಸು, ಆಮೇಲೆ ಅಡಿಮಣ್ಣು, ಕೊನೆಗೆ ಕೆರೆಯ ಗೋಡು. ಜೆಸಿಬಿಯವನನ್ನು ಅವನ ಪಾಡಿಗೆ ಬಿಟ್ಟರೆ ಹತ್ತಿರ ಸಿಕ್ಕಿದ್ದನ್ನೇ ಮೊದಲು ದೂಡುತ್ತಾನೆ, ಒಳ್ಳೆಯ ಮಣ್ಣು ತಳಕ್ಕೆ, ಕಲ್ಲು ಮೇಲಕ್ಕೆ ಬರುತ್ತದೆ. ಒಂದು ಎಕರೆಗೆ 10 ಸೆಂಟಿಮೀಟರ್ ಗೋಡು ಹರಡಲು 400 ಘನ ಮೀಟರ್ ಬೇಕು. ಟ್ರಾಲಿಗೆ 3 ಘನ ಮೀಟರ್ ಹಿಡಿದರೆ 130ಕ್ಕಿಂತ ಹೆಚ್ಚು ಸಲ ಓಡಬೇಕು. ಅಷ್ಟು ಆಗದಿದ್ದರೆ 3 ಸೆಂಟಿಮೀಟರಿಗೆ 40 ಟ್ರಾಲಿ ಹಾಕಿ, ಉಳಿದದ್ದನ್ನು ಹಸಿರೆಲೆ ಗೊಬ್ಬರದಿಂದ ವರ್ಷವರ್ಷ ಕಟ್ಟಿಕೊಳ್ಳಬೇಕು. ಕೆರೆಯ ಗೋಡನ್ನು ತರುವ ಮೊದಲು ಅದನ್ನೂ ತೂಗಿ ನೋಡಬೇಕು. ಗಣಿ ಪ್ರದೇಶದ ಕೆರೆಯಲ್ಲಿ ಮೇಲಿನ ಒಂದೆರಡು ಅಡಿ ಕೆಂಪು ಹೂಳು, ಅದರ ಕೆಳಗೆ ಹಳೆಯ ಕಪ್ಪು ಗೋಡು ಇರುತ್ತದೆ. ಹೊಲಕ್ಕೆ ಬೇಕಾದ್ದು ಕೆಳಗಿನದು. ಮೇಲಿನದು ರಸ್ತೆಗೋ ತಗ್ಗಿನ ತಳಕ್ಕೋ ಹೋಗಲಿ.

ಮನೆ, ಕೆಲಸ, ಕಾಗದ

ಕ್ರಷರಿನಲ್ಲಿ, ಅದಿರು ಒಡೆಯುವಲ್ಲಿ ದುಡಿದವರ ಎದೆಯ ವಿಷಯ ಹೊಲಕ್ಕಿಂತ ದೊಡ್ಡದು. ಈ ಗುಡ್ಡಗಳ ಕಬ್ಬಿಣ ಸಿಲಿಕಾ ಕಲ್ಲಿನ ಪಟ್ಟೆಗಳ ಜೊತೆಗೇ ಇದೆ. ಸಿಲಿಕಾ ಧೂಳು ಶ್ವಾಸಕೋಶದಲ್ಲಿ ಗಾಯದ ಕಲೆ ಕಟ್ಟುತ್ತದೆ, ಕೆಲಸ ಬಿಟ್ಟ ಎಷ್ಟೋ ವರ್ಷದ ಮೇಲೂ ಅದು ಬೆಳೆಯಬಹುದು. ಇದೇ ಸಿಲಿಕೋಸಿಸ್. ಒಣಕೆಮ್ಮು, ಏರು ಹತ್ತುವಾಗ ಏದುಸಿರು, ತೂಕ ಇಳಿಯುವುದು, ಇವೆಲ್ಲ ಕ್ಷಯದಂತೆಯೇ ಕಾಣುತ್ತವೆ. ಎರಡೂ ಒಟ್ಟಿಗೆ ಬರುವುದೂ ಉಂಟು. ಹಾಗಾಗಿ ಆಸ್ಪತ್ರೆಗೆ ಹೋದಾಗ ಎಷ್ಟು ವರ್ಷ ಯಾವ ಕೆಲಸ ಮಾಡಿದ್ದು ಎಂದು ಕೇಳದಿದ್ದರೂ ಹೇಳಬೇಕು, ಎದೆಯ ಎಕ್ಸ್‌ರೇ ಜೊತೆ ಕಫದ ಪರೀಕ್ಷೆಯನ್ನೂ ಮಾಡಿಸಬೇಕು. 1952ರ ಗಣಿ ಕಾಯ್ದೆಯಡಿ ಇದು ವರದಿ ಮಾಡಲೇಬೇಕಾದ ರೋಗವಾಗಿತ್ತು. ಗುತ್ತಿಗೆದಾರನ ಕೈಕೆಳಗೆ ದುಡಿದವರ ಬಳಿ ದಾಖಲೆ ಇರುವುದಿಲ್ಲ. ಹಳೆಯ ಗುರುತಿನ ಚೀಟಿ, ಪಿಎಫ್ ಸಂಖ್ಯೆ, ಪಗಾರದ ಚೀಟಿ ಏನೇ ಸಿಕ್ಕರೂ ಎತ್ತಿಡಬೇಕು.

ಕಾಗದದ ಇನ್ನೊಂದು ತೊಡಕು ಪಹಣಿಯದು. ಆ ದಿನಗಳಲ್ಲಿ ಹೊಲ ಅಡವಿಟ್ಟು ಟಿಪ್ಪರ್ ತೆಗೆದುಕೊಂಡವರಿದ್ದಾರೆ. ಟಿಪ್ಪರ್ ಹೋಯಿತು, ಪಹಣಿಯ 11ನೇ ಕಲಮಿನಲ್ಲಿ ಬೋಜಾ, ಎಂದರೆ ಸಾಲದ ನಮೂದು, ಉಳಿಯಿತು. ಸಾಲ ತೀರಿದ್ದರೂ ಬ್ಯಾಂಕಿನಿಂದ ಬೇಬಾಕಿ ಪತ್ರ ತಂದು ಬೋಜಾ ಕಡಿಮೆ ಮಾಡಿಸದಿದ್ದರೆ ಹೊಸ ಬೆಳೆಸಾಲ ಹುಟ್ಟುವುದಿಲ್ಲ. ಸ್ಟಾಕ್ ಯಾರ್ಡಿಗೆಂದು ಭೂಪರಿವರ್ತನೆ ಮಾಡಿಸಿದ್ದರೆ ಅದನ್ನೂ ನೋಡಿಕೊಳ್ಳಬೇಕು.

ದುಡ್ಡು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಜಿಲ್ಲಾ ಖನಿಜ ಪ್ರತಿಷ್ಠಾನ. 2015ರ ಜನವರಿ 12ಕ್ಕಿಂತ ಮೊದಲಿನ ಗುತ್ತಿಗೆದಾರರು ರಾಜಧನದ ಶೇ 30ರಷ್ಟನ್ನು, ಆಮೇಲೆ ಹರಾಜಿನಲ್ಲಿ ಪಡೆದವರು ಶೇ 10ರಷ್ಟನ್ನು ಇದಕ್ಕೆ ಕಟ್ಟಬೇಕು. 2024ರ ಪರಿಷ್ಕೃತ ಮಾರ್ಗಸೂಚಿಯಂತೆ ಗಣಿಯಿಂದ 15 ಕಿಲೋಮೀಟರ್ ಒಳಗಿನ ಊರುಗಳು ನೇರ ಬಾಧಿತ, 25ರವರೆಗೆ ಪರೋಕ್ಷ ಬಾಧಿತ. ಕನಿಷ್ಠ ಶೇ 70ರಷ್ಟು ಹಣ ಕುಡಿಯುವ ನೀರು, ಪರಿಸರ, ಆರೋಗ್ಯ, ಶಿಕ್ಷಣ, ಜೀವನೋಪಾಯದಂಥ ಆದ್ಯತೆಗಳಿಗೇ ಹೋಗಬೇಕು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಗಣಿ ಬಾಧಿತ ಪ್ರದೇಶದ ಪುನಶ್ಚೇತನಕ್ಕೆ ರಾಜ್ಯ ಸರ್ಕಾರ ಮಾಡಿದ ನಿಗಮವೂ ಬೇರೆ ಇದೆ.

ಗ್ರಾಮಸಭೆಯಲ್ಲಿ ಕೇಳುವಾಗ ಸಾಮಾನ್ಯವಾಗಿ ಮೊದಲು ಬರುವುದು ಸಿಸಿ ರಸ್ತೆ, ಸಮುದಾಯ ಭವನ. ಅವು ಬೇಡವೆಂದಲ್ಲ. ಆದರೆ ಡಂಪಿನ ಬುಡದ ಗೋಡೆ ಊರಿನ ಯಾರ ಕಣ್ಣಿಗೂ ಬೀಳದ ಜಾಗದಲ್ಲಿದೆ, ಎಷ್ಟೋ ಕಡೆ ಅರಣ್ಯ ಇಲಾಖೆಯ ನೆಲದಲ್ಲಿದೆ, ಅದನ್ನು ಕೇಳುವವರೇ ಇರುವುದಿಲ್ಲ. ಠರಾವಿನಲ್ಲಿ "ಹಳ್ಳ ಅಭಿವೃದ್ಧಿ" ಎಂದು ಬರೆದರೆ ಹಳ್ಳದ ಕೆಳತುದಿಯಲ್ಲಿ ಒಂದು ದೊಡ್ಡ ಸಿಮೆಂಟಿನ ಚೆಕ್ ಡ್ಯಾಮ್ ಬಂದು, ಎರಡು ವರ್ಷದಲ್ಲಿ ಹೂಳು ತುಂಬಿ ಸಪಾಟಾಗುತ್ತದೆ. ಯಾವ ಡಂಪ್, ಯಾವ ಕೊರಕಲು, ಎಷ್ಟು ಉದ್ದ, ಎಷ್ಟು ತಡೆ, ಹೂಳು ತೆಗೆಯಲು ಪ್ರತಿ ವರ್ಷ ಎಷ್ಟು ಹಣ ಎಂದು ಸರ್ವೆ ನಂಬರ್ ಸಮೇತ ಬರೆಸಬೇಕು. ನಿರ್ವಹಣೆಯ ಸಾಲು ಬಿಟ್ಟುಹೋದರೆ ಹೊಂಡ ಒಂದೇ ಮಳೆಗಾಲದ್ದು.

ಹೂಳು ತೆಗೆಯುವುದು ಮಳೆ ಪೂರ್ತಿ ನಿಂತು ಹೊಂಡ ಒಣಗಿದ ಮೇಲೆ, ಜನವರಿಯಿಂದ ಮಾರ್ಚ್ ಒಳಗೆ. ಅರ್ಧ ತುಂಬಿದರೆ ತೆಗೆಯುವ ಕಾಲ ಬಂತೆಂದೇ ಲೆಕ್ಕ, ಪೂರ್ತಿ ತುಂಬುವವರೆಗೆ ಕಾಯಬಾರದು. ಎಷ್ಟು ತುಂಬಿದೆ ಎಂದು ತಿಳಿಯಲು ಹೊಂಡದ ನಡುವೆ ಅಡಿ ಗುರುತು ಹಾಕಿದ ಒಂದು ಕಲ್ಲುಕಂಬ ನೆಟ್ಟರೆ ದನ ಕಾಯುವವರೂ ನೋಡಿ ಹೇಳಬಹುದು. ತೆಗೆದ ಹೂಳನ್ನು ಹೊಂಡದ ದಂಡೆಯ ಮೇಲೇ ಗುಡ್ಡೆ ಹಾಕಬೇಡಿ. ರೋಹಿಣಿ ಮಳೆಗೆ ಅದು ಮತ್ತೆ ಒಳಗೇ ಇಳಿಯುತ್ತದೆ.